ಮಗು ಕಾಣೆಯಾದಾಗ ತಾಯಿಯನ್ನು ನಂಬುವವರಾರು? ಎರಡು ಥ್ರಿಲ್ಲರ್‌ಗಳ ಹೋಲಿಕೆ

ಮಕ್ಕಳು ಕಾಣೆಯಾಗುವ ಕಾದಂಬರಿಗಳಲ್ಲಿ ಪೊಲೀಸರ ಕಣ್ಣು ಮೊದಲು ಬೀಳುವುದು ತಾಯಿಯ ಮೇಲೆಯೇ. ಈ ಅನುಮಾನವನ್ನೇ ಬಂಡವಾಳ ಮಾಡಿಕೊಂಡ ಎರಡು ಅಮೆರಿಕನ್ ಥ್ರಿಲ್ಲರ್‌ಗಳನ್ನು ಒಂದರ ಬೆನ್ನಿಗೆ ಒಂದು ಓದಿದೆ: ಎವೆಲಿನ್ ಪೈಪರ್ ಅವರ ‘ಬನ್ನಿ ಲೇಕ್ ಈಸ್ ಮಿಸ್ಸಿಂಗ್’ (1957) ಮತ್ತು ಮೇರಿ ಹಿಗಿನ್ಸ್ ಕ್ಲಾರ್ಕ್ ಅವರ ‘ವೇರ್ ಆರ್ ದ ಚಿಲ್ಡ್ರನ್?’ (1975). ಒಂದನ್ನಷ್ಟೇ ಓದಲು ಬಿಡುವಿರುವವರ ಕೈಗೆ ನಾನು ಕ್ಲಾರ್ಕ್ ಅವರದನ್ನು ಕೊಡುತ್ತೇನೆ.

ಪೈಪರ್ ಹೂಡುವ ಕಥೆಯ ಆರಂಭಕ್ಕೆ ಸಾಟಿಯಿಲ್ಲ. ನ್ಯೂಯಾರ್ಕಿಗೆ ಹೊಸದಾಗಿ ಬಂದ ಬ್ಲಾಂಚ್ ಲೇಕ್ ಮಗಳನ್ನು ಕರೆತರಲು ಶಿಶುವಿಹಾರಕ್ಕೆ ಹೋದರೆ, ಅಂಥ ಮಗುವನ್ನು ಕಂಡವರೇ ಅಲ್ಲಿಲ್ಲ. ಓದುಗರಾದ ನಾವೂ ಕಂಡಿರುವುದಿಲ್ಲ! ಹಾಗಾಗಿ ಪೊಲೀಸರ ಸಂಶಯ ನಮಗೂ ಅಂಟಿಕೊಳ್ಳುತ್ತದೆ. ಆದರೆ ಬ್ಲಾಂಚ್ ರಾತ್ರಿಯಲ್ಲಿ ಊರು ಅಲೆಯತೊಡಗಿದ ಮೇಲೆ ಹಿಡಿತ ಸಡಿಲವಾಗುತ್ತದೆ, ಮುಕ್ತಾಯ ನನಗೆ ಒಪ್ಪಿಗೆಯಾಗಲಿಲ್ಲ. 1965ರಲ್ಲಿ ಆಟೊ ಪ್ರೆಮಿಂಜರ್ ಇದನ್ನು ಸಿನಿಮಾ ಮಾಡಿದಾಗ ಕಥೆಯನ್ನು ಲಂಡನ್ನಿಗೆ ಒಯ್ದರು, ಕೊನೆಯನ್ನೂ ಬದಲಿಸಿದರು.

ಕ್ಲಾರ್ಕ್ ಹಿಡಿದ ದಾರಿ ಇದಕ್ಕೆ ಪೂರಾ ವಿರುದ್ಧ. ಮಕ್ಕಳನ್ನು ಕದಿಯಲು ಹೊಂಚು ಹಾಕಿರುವವನ ಮನಸ್ಸಿನೊಳಕ್ಕೆ ಮೊದಲ ಪುಟಗಳಲ್ಲೇ ನಮ್ಮನ್ನು ಕರೆದೊಯ್ಯುತ್ತಾರೆ. ತಾಯಿ ನ್ಯಾನ್ಸಿ ನಿರಪರಾಧಿ ಎಂಬುದು ನಮಗೆ ಗೊತ್ತು, ಊರಿಗೆ ಗೊತ್ತಿಲ್ಲ. ಏಳು ವರ್ಷಗಳ ಹಿಂದೆ ಕ್ಯಾಲಿಫೋರ್ನಿಯಾದಲ್ಲಿ ತನ್ನಿಬ್ಬರು ಮಕ್ಕಳನ್ನು ಕೊಂದ ಆರೋಪಕ್ಕೆ ಗುರಿಯಾಗಿ, ವಿಚಾರಣೆಯ ಲೋಪದಿಂದ ಬಿಡುಗಡೆಯಾದವಳು ಅವಳು. ಈಗ ಕೇಪ್ ಕಾಡ್‌ನಲ್ಲಿ ಮತ್ತೊಂದು ಸಂಸಾರ. ಸ್ಥಳೀಯ ಪತ್ರಿಕೆಯಲ್ಲಿ ಹಳೆಯ ಪ್ರಕರಣ ಅಚ್ಚಾದ ದಿನವೇ ಮೈಕೆಲ್ ಮತ್ತು ಮಿಸ್ಸಿ ಮಾಯವಾಗುತ್ತಾರೆ, ಉಯ್ಯಾಲೆಯ ಹತ್ತಿರ ಒಂದು ಕೆಂಪು ಕೈಗವಸು ಮಾತ್ರ ಸಿಗುತ್ತದೆ. ಆಮೇಲೆ ಅವಳನ್ನು ನಂಬದೆ ಆಡುವ ಒಂದೊಂದು ಮಾತೂ ನನ್ನಲ್ಲಿ ಸಿಟ್ಟು ಹೊತ್ತಿಸಿತು. ಮಕ್ಕಳು ಎಷ್ಟು ಹತ್ತಿರದಲ್ಲಿದ್ದಾರೆಂದು ತಿಳಿದೂ ಏನೂ ಮಾಡಲಾಗದ ಆ ಚಡಪಡಿಕೆಯನ್ನು ಪೈಪರ್ ಪುಸ್ತಕ ನನಗೆ ಕೊಡಲಿಲ್ಲ.

ಕ್ಲಾರ್ಕ್‌ಗೆ ಎಳೆ ಸಿಕ್ಕಿದ್ದು ನಿಜ ಪ್ರಕರಣವೊಂದರಿಂದ. 1965ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಕಾಣೆಯಾದ ಇಬ್ಬರು ಮಕ್ಕಳು ಹೆಣವಾಗಿ ಸಿಕ್ಕಿದಾಗ ತಾಯಿಯ ಮೇಲೆಯೇ ಆರೋಪ ಬಂದಿತ್ತು. ಲೇಖಕಿಯೂ ಐದು ಮಕ್ಕಳ ತಾಯಿ. ಗಂಡ ತೀರಿಕೊಂಡ ಮೇಲೆ ನಸುಕಿನಲ್ಲೆದ್ದು ಅಡುಗೆಮನೆಯ ಮೇಜಿನ ಮೇಲೆ ಬರೆಯುತ್ತಿದ್ದರು. ನ್ಯಾನ್ಸಿಯ ಮನೆಯ ಬೆಳಗು ಅಷ್ಟು ನಿಜವೆನಿಸುವುದಕ್ಕೆ ಇದೂ ಕಾರಣವಿರಬೇಕು. ಬಹುಪಾಲು ಕಥೆ ಒಂದೇ ದಿನದೊಳಗೆ, ಚಿಕ್ಕಚಿಕ್ಕ ಅಧ್ಯಾಯಗಳಲ್ಲಿ ಓಡುತ್ತದೆ.

ಇತ್ತೀಚಿನದೇ ಬೇಕೆನ್ನುವವರಿಗೆ ಶಾರಿ ಲಪೇನಾ ಅವರ ‘ದ ಕಪಲ್ ನೆಕ್ಸ್ಟ್ ಡೋರ್’ (2016) ಇದೆ. ತಿರುವುಗಳಿಗೆ ಬರವಿಲ್ಲ, ಆದರೆ ಆ ದಂಪತಿಯ ಬಗ್ಗೆ ನನ್ನ ಮನ ಮಿಡಿಯಲಿಲ್ಲ.

ಕ್ಲಾರ್ಕ್ ಪುಸ್ತಕದಲ್ಲೂ ಕಷ್ಟದ ಭಾಗಗಳಿವೆ. ಅಪಹರಣಕಾರ ಮಕ್ಕಳೊಂದಿಗೆ ಒಬ್ಬನೇ ಇರುವ ಪುಟಗಳು ಮೈ ನಡುಗಿಸುತ್ತವೆ. ಎಳೆಯ ಮಕ್ಕಳಿರುವವರು ಇದನ್ನು ತಿಳಿದುಕೊಂಡೇ ಪುಸ್ತಕ ಕೈಗೆತ್ತಿಕೊಳ್ಳುವುದು ಒಳ್ಳೆಯದು.