ಡಾಡ್ಜ್ ಲಾರಿಗೆ ಹೊಸ ದೀಪ: ಆಕಾರ ಸರಿ, ಬೆಳಕು ಅರ್ಧ

ಎರಡನೆಯ ಮಹಾಯುದ್ಧದ ಅಮೆರಿಕನ್ ಸೇನಾ ಲಾರಿಯನ್ನು ದುರಸ್ತಿ ಮಾಡಲು ಹೊರಟವರಿಗೆ ಹುಡುಕಿದರೆ ಎಂಜಿನ್ನಿನ ಭಾಗಗಳೂ ಸಿಗುತ್ತವೆ, ಗೇರ್‌ಬಾಕ್ಸೂ ಸಿಗುತ್ತದೆ. ಕತ್ತಲಲ್ಲಿ ಗಾಡಿ ಎಲ್ಲಿದೆಯೆಂದಷ್ಟೇ ಮಬ್ಬಾಗಿ ತೋರಿಸುವ, ಅಂಗೈಯೊಳಗೆ ಕೂರುವ ಮಾರ್ಕರ್ ದೀಪ ಮಾತ್ರ ಸಿಗುವುದಿಲ್ಲ. ಶತ್ರುವಿನ ವಿಮಾನಕ್ಕೆ ಕಾಣದಿರಲೆಂದೇ ಮಾಡಿದ ದೀಪದಿಂದ, ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಗಾಡಿ ಕೊಂಡವನಿಗೆ ಏನು ಉಪಯೋಗ? ಆತ ಮೊದಲು ಕಿತ್ತೆಸೆದದ್ದೇ ಅದನ್ನು. ನನ್ನ ಮುಕ್ಕಾಲು ಟನ್ನಿನ ಡಾಡ್ಜ್ ಡಬ್ಲ್ಯೂಸಿ-52ರಲ್ಲಿ ಉಳಿದಿದ್ದುದು ತುಕ್ಕು ಹಿಡಿದ ಒಂದು ಚಿಪ್ಪು ಮಾತ್ರ. ಅದರ ಅಂಚಿನಲ್ಲಿ ‘ಗೈಡ್’ ಎಂಬ ಅಚ್ಚಿದೆ. ಅದು ಆಗ ಜನರಲ್ ಮೋಟಾರ್ಸ್‌ನ ದೀಪ ವಿಭಾಗವಾಗಿತ್ತು. ಯುದ್ಧಕಾಲದಲ್ಲಿ ಎಂ3 ಸಬ್‌ಮಷಿನ್ ಗನ್ನನ್ನು ತಯಾರಿಸಿದ್ದೂ ಅದೇ. ಬಹುಶಃ ಯಾರೋ ಜನರಲ್ ಮೋಟಾರ್ಸ್‌ನದೇ ಆದ ಜಿಎಂಸಿ ಲಾರಿಯಿಂದ ಬಿಚ್ಚಿ ಇದಕ್ಕೆ ಜೋಡಿಸಿರಬೇಕು.

ವಿದೇಶದ ಮಾರಾಟಗಾರರೊಬ್ಬರಿಂದ ಎರಡು ಮುಂದಿನ ಮಾರ್ಕರ್ ಮತ್ತು ಎರಡು ಹಿಂದಿನ ದೀಪಗಳನ್ನು ತರಿಸಿದೆ. ಇವು ಹಳೆಯ ಮಾದರಿಯನ್ನು ನೋಡಿ ಹೊಸದಾಗಿ ತಯಾರಿಸಿದವು. ದೀಪಗಳ ಬೆಲೆಗಿಂತ ಸಾಗಣೆ ಮತ್ತು ಸುಂಕವೇ ಹೆಚ್ಚಾಯಿತು. ಪೆಟ್ಟಿಗೆ ಬಿಚ್ಚಿದಾಗ ಆಕಾರದ ಬಗ್ಗೆ ತಕರಾರು ಇರಲಿಲ್ಲ: ಚಿಪ್ಪಿನ ದುಂಡು, ಮೇಲಂಚಿನ ಪುಟ್ಟ ಮುಚ್ಚಿಗೆ, ಗಾಜಿನ ಸುತ್ತಲಿನ ಪಟ್ಟಿ, ಎಲ್ಲವೂ ಹಳೆಯದರ ಪಕ್ಕದಲ್ಲಿಟ್ಟರೆ ಹೊಂದುತ್ತವೆ. ಬಣ್ಣ ಮಾತ್ರ ತಪ್ಪು. ಸೇನೆಯ ಆಲಿವ್ ಹಸಿರಿಗೆ ಹೊಳಪೇ ಇರಬಾರದು. ಇವು ಮದುವೆ ಮನೆಯ ಸ್ಟೀಲ್ ಪಾತ್ರೆಯಂತೆ ಮಿನುಗುತ್ತಿದ್ದವು.

ಆ ದಪ್ಪ ಬಣ್ಣದಿಂದ ಕೆಟ್ಟದ್ದು ಅಂದವಷ್ಟೇ ಅಲ್ಲ. ಈ ದೀಪಗಳಿಗೆ ಪ್ರತ್ಯೇಕ ಅರ್ಥ್ ತಂತಿಯಿಲ್ಲ. ಚಿಪ್ಪು ಗಾಡಿಯ ಲೋಹಕ್ಕೆ ತಾಗಿದರೆ ಮಾತ್ರ ಸರ್ಕ್ಯೂಟ್ ಪೂರ್ಣವಾಗುತ್ತದೆ. 12 ವೋಲ್ಟಿನ ಗಾಡಿಯಾಗಿದ್ದರೆ ಸಣ್ಣ ಅಡ್ಡಿ ಗಮನಕ್ಕೇ ಬರುತ್ತಿರಲಿಲ್ಲವೇನೋ, ಆದರೆ ಈ ಲಾರಿಯ 6 ವೋಲ್ಟಿನಲ್ಲಿ ಅಷ್ಟೇ ವಾಟಿನ ಬಲ್ಬಿಗೆ ಎರಡು ಪಟ್ಟು ಕರೆಂಟು ಹರಿಯಬೇಕಾದ್ದರಿಂದ ಸಂದುಗಳಲ್ಲಿನ ನಷ್ಟವೂ ಎದ್ದು ಕಾಣುತ್ತದೆ. ಬ್ಯಾಟರಿಯಲ್ಲಿ 6.2 ವೋಲ್ಟ್ ಇದ್ದಾಗ ಹೋಲ್ಡರಿನಲ್ಲಿ ಮೀಟರ್ ತೋರಿಸಿದ್ದು 4.8. ಚಿಪ್ಪಿನ ಅಡಿಯ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿ ಬೆಳ್ಳಗೆ ಮಾಡಿದ ಮೇಲೆ ಮುಂದಿನ ಎರಡೂ ದೀಪಗಳು ಸರಿಹೋದವು. ಹಿಂದಿನ ಒಂದರಲ್ಲಿ ಹೋಲ್ಡರಿನ ತಗಡೇ ತೆಳು; ಗಾಡಿ ಅಲುಗಿದಾಗಲೆಲ್ಲ ಬಲ್ಬು ಕಣ್ಣು ಮಿಟುಕಿಸುತ್ತಿತ್ತು. ಕೊನೆಗೆ ಅದಕ್ಕೊಂದು ತಂತಿ ಬೆಸೆಯಬೇಕಾಯಿತು.

ಹಿಂದಿನ ದೀಪದ ಕೆಂಪು ಕಿಂಡಿಗಳನ್ನು ಮಾತ್ರ ಮೆಚ್ಚಲೇಬೇಕು. ದಂಡಿನ ಸಾಲಿನಲ್ಲಿ ಹಿಂದೆ ಬರುವ ಚಾಲಕನಿಗೆ ಇವು ಅಂತರದ ಅಳತೆಗೋಲಾಗಿದ್ದವು: ನಾಲ್ಕು ಕೆಂಪು ಚುಕ್ಕೆ ಕಂಡರೆ 60 ಅಡಿಗಿಂತ ಹತ್ತಿರ ಬಂದಿದ್ದಾನೆ, ಎರಡು ಕಂಡರೆ ಅಂತರ ಸರಿಯಾಗಿದೆ, ಒಂದೇ ಕಂಡರೆ 180 ಅಡಿ ದಾಟಿ ಹಿಂದುಳಿದಿದ್ದಾನೆ. ರಾತ್ರಿ ಲೇಔಟಿನ ಖಾಲಿ ರಸ್ತೆಯಲ್ಲಿ ಹಿಂದಕ್ಕೆ ನಡೆಯುತ್ತ ನೋಡಿದೆ. ನಾಲ್ಕು ಚುಕ್ಕೆಗಳು ಎರಡಾಗಿ, ಆಮೇಲೆ ಒಂದಾಗಿ ಕೂಡಿಕೊಂಡವು. ಕಿಂಡಿಗಳ ಅಗಲ ತುಸು ತಪ್ಪಿದ್ದರೂ ಈ ಲೆಕ್ಕ ಕೆಡುತ್ತಿತ್ತು.

ಬಲ್ಬನ್ನು ಪೆಟ್ಟಿಗೆಯ ಜೊತೆ ಕೊಡುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ 6 ವೋಲ್ಟ್ ಎಂದೊಡನೆ ತಲೆಯಾಡಿಸಿ ಕಳುಹಿಸಿದರು. ಕಡೆಗೆ ಸಿಕ್ಕಿದ್ದು ಹಳೆಯ ಯೆಜ್ಡಿ ಬೈಕುಗಳ ಬಿಡಿಭಾಗ ಮಾರುವವರ ಬಳಿ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಆ ಬೈಕುಗಳದ್ದೂ ಬಹುಕಾಲ 6 ವೋಲ್ಟೇ. 5 ವಾಟಿನ ಬಲ್ಬು ಹೋಲ್ಡರಿಗೆ ಸಲೀಸಾಗಿ ಕೂತಿತು.

ಹಳೆಯ ಚಿಪ್ಪು ಕೈಯಲ್ಲಿದ್ದವರು ಅದನ್ನು ಗುಜರಿಗೆ ಹಾಕದೆ, ಇಂಥ ಹೊಸ ದೀಪದ ಗಾಜು ಮತ್ತು ಪಟ್ಟಿಯನ್ನಷ್ಟೇ ಅದಕ್ಕೆ ಕೂರಿಸಿಕೊಳ್ಳುವುದು ಉತ್ತಮ. ಹಳೆಯ ತಗಡು ಇದಕ್ಕಿಂತ ಸ್ಪಷ್ಟವಾಗಿ ದಪ್ಪ. ಏನೂ ಇಲ್ಲದವರು ಪೂರ್ತಿ ಸೆಟ್ ಕೊಳ್ಳಬಹುದು, ಆದರೆ ಉಪ್ಪುಕಾಗದ, ಮೀಟರ್ ಮತ್ತು ಒಂದು ಭಾನುವಾರವನ್ನು ಬೆಲೆಗೆ ಸೇರಿಸಿಕೊಳ್ಳಬೇಕು. ನನ್ನ ಗೈಡ್ ಚಿಪ್ಪು ಈಗ ಹೊಸ ಗಾಜು ತೊಟ್ಟು ಎಡಗಡೆ ಕೂತಿದೆ. ಬಿಚ್ಚಿಟ್ಟ ಹೊಸ ಚಿಪ್ಪು ಬಣ್ಣ ಕೆರೆದ ಸ್ಥಿತಿಯಲ್ಲಿ ಮೇಜಿನ ಮೇಲಿದೆ.