ಹುಬ್ಬಳ್ಳಿಯ ಪಿಪಿಎಲ್ ಗ್ರೌಂಡ್ ಕ್ಲಾಸ್: ಪರಿಷ್ಕೃತ ಪಠ್ಯಕ್ರಮ ಎಷ್ಟು ಹೊಸದು?

ಖಾಸಗಿ ಪೈಲಟ್ ಪರವಾನಗಿಯ (ಪಿಪಿಎಲ್) ಲಿಖಿತ ಪರೀಕ್ಷೆಗೆ ಸಿದ್ಧಗೊಳಿಸುವ ವಾರಾಂತ್ಯದ ತರಗತಿಯೊಂದು ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಡೆಯುತ್ತಿದೆ. ಪಠ್ಯಕ್ರಮವನ್ನು ಇಂದಿನ ಕಾಲಕ್ಕೆ ತಕ್ಕಂತೆ ಪರಿಷ್ಕರಿಸಿದ್ದೇವೆ ಎಂಬ ಕೇಂದ್ರದವರ ಮಾತನ್ನು ನಂಬಿ ಸೇರಿಕೊಂಡ ನಾನು ನಾಲ್ಕು ತಿಂಗಳು ಪ್ರತಿ ಶನಿವಾರ, ಭಾನುವಾರ ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ಹೋಗಿ ಬಂದಿದ್ದೇನೆ. ನಾನು ಹೇಳಲಿರುವ ಕೊರತೆ ಈ ಒಂದು ಕೇಂದ್ರದ್ದಷ್ಟೇ ಅಲ್ಲ ಎಂದು ನನಗೆ ಅನಿಸಿರುವುದರಿಂದ ಹೆಸರನ್ನು ಬರೆಯುತ್ತಿಲ್ಲ.

ಇಲ್ಲಿ ವಿಮಾನವಿಲ್ಲ, ಪಾಠ ಮಾತ್ರ. ಪರವಾನಗಿಗೆ ಬೇಕಾದ ಕನಿಷ್ಠ 40 ಗಂಟೆಗಳ ಹಾರಾಟವನ್ನು, ಅದರಲ್ಲಿ ಒಬ್ಬರೇ ಹಾರಿಸಬೇಕಾದ ಗಂಟೆಗಳನ್ನೂ, ಬೇರೆ ಕಡೆ ಪೂರೈಸಿಕೊಳ್ಳಬೇಕು. ಆದ್ದರಿಂದ ತರಗತಿಯನ್ನು ಅಳೆಯಬೇಕಾದದ್ದು ಅದು ನಮ್ಮನ್ನು ಕಾಕ್‌ಪಿಟ್‌ಗೆ ಎಷ್ಟರ ಮಟ್ಟಿಗೆ ಸಜ್ಜುಗೊಳಿಸುತ್ತದೆ ಎಂಬುದರಿಂದ.

ಈ ದೃಷ್ಟಿಯಿಂದ ವಿಮಾನದ ಕಾರ್ಯಕ್ಷಮತೆಯ ಪಾಠ ನಿಜಕ್ಕೂ ಅತ್ಯುತ್ತಮವಾಗಿತ್ತು. ಒಂದು ಏಪ್ರಿಲ್ ಮಧ್ಯಾಹ್ನ, ಹೊರಗೆ 37 ಡಿಗ್ರಿ ಬಿಸಿಲಿದ್ದಾಗ, ಶಿಕ್ಷಕರು ಪುಸ್ತಕ ಮುಚ್ಚಿಸಿ, ಇದೀಗ ನಮ್ಮ ಗೋಕುಲ ರಸ್ತೆಯ ನಿಲ್ದಾಣದಿಂದ ಚಿಕ್ಕ ವಿಮಾನವೊಂದು ಮೇಲೇರಬೇಕಾದರೆ ಅದಕ್ಕೆ ಸಿಗುವ ಗಾಳಿ ಎಂಥದ್ದು ಎಂದು ಕೇಳಿದರು. ನಾವು ಊಹಿಸತೊಡಗಿದಾಗ, “ಮೊದಲ ಲೆಕ್ಕಾ ಮಾಡ್ರಿ, ಆಮ್ಯಾಲ ಮಾತಾಡೂಣು” ಎಂದರು. ನಿಲ್ದಾಣದ ಎತ್ತರ ಸುಮಾರು 2,170 ಅಡಿ. ಆ ಎತ್ತರದಲ್ಲಿ ಪ್ರಮಾಣಿತ ಉಷ್ಣಾಂಶ ಸುಮಾರು 11 ಡಿಗ್ರಿ. ಗಾಳಿ ಬಿಸಿಯಾದಷ್ಟೂ ತೆಳುವಾಗುವುದರಿಂದ, ಹೆಚ್ಚುವರಿಯಾದ 26 ಡಿಗ್ರಿಗೆ ತಲಾ 120 ಅಡಿಯಂತೆ ಕೂಡಿಸಿದರೆ, ವಾಯುಭಾರ ಪ್ರಮಾಣಿತ ಮಟ್ಟದಲ್ಲಿದ್ದರೂ ವಿಮಾನ ಸುಮಾರು 5,300 ಅಡಿ ಎತ್ತರದಲ್ಲಿರುವಂತೆ ವರ್ತಿಸುತ್ತದೆ. ಎಂಜಿನ್ನಿನ ಶಕ್ತಿ ಕುಗ್ಗುತ್ತದೆ, ರನ್‌ವೇ ಮೇಲಿನ ಓಟ ಉದ್ದವಾಗುತ್ತದೆ, ಏರಿಕೆ ನಿಧಾನವಾಗುತ್ತದೆ. ಬಾಯಿಪಾಠ ಮಾಡಿದ್ದ ಸೂತ್ರವೊಂದು ನನ್ನೂರಿನ ಬಿಸಿಲಿನೊಂದಿಗೆ ಬೆಸೆದುಕೊಂಡದ್ದು ಆ ದಿನವೇ.

ಉಳಿದ ಪಾಠಗಳಿಗೆ ಈ ಗುಣ ಬರಲಿಲ್ಲ ಎಂಬುದು ನನ್ನ ಬೇಸರ. ನ್ಯಾವಿಗೇಷನ್ನಿನಲ್ಲಿ ಮೂರು ವಾರ ಎನ್‌ಡಿಬಿ ಎಂಬ ಹಳೆಯ ರೇಡಿಯೊ ದಿಕ್ಕುಸೂಚಕ ಕೇಂದ್ರಗಳ ದಿಕ್ಕಿನ ಲೆಕ್ಕಗಳಿಗೇ ಹೋಯಿತು. ಉಪಗ್ರಹ ಆಧಾರಿತ ನ್ಯಾವಿಗೇಷನ್ನಿಗೆ, ಅದರಲ್ಲೂ ಜಿಪಿಎಸ್ ನಿಖರತೆಯನ್ನು ಹೆಚ್ಚಿಸುವ ನಮ್ಮ ದೇಶದ್ದೇ ಆದ ಗಗನ್ ವ್ಯವಸ್ಥೆಗೆ, ಸಿಕ್ಕಿದ್ದು ಒಂದು ಗಂಟೆ. ಕಾಗದದ ನಕ್ಷೆ, ಲೆಕ್ಕಕ್ಕಾಗಿ ಕೈಯಲ್ಲಿ ತಿರುಗಿಸುವ ಬಿಲ್ಲೆಯಾದ ಫ್ಲೈಟ್ ಕಂಪ್ಯೂಟರ್ ಬೇಡವೆಂದು ನಾನು ಹೇಳುತ್ತಿಲ್ಲ, ಅವು ಬೇಕೇ ಬೇಕು. ಆದರೆ ಸೆಸ್ನಾ 172ರಂಥ ತರಬೇತಿ ವಿಮಾನದಲ್ಲಿಯೂ ವೇಗ, ಎತ್ತರ, ದಿಕ್ಕು, ನಕ್ಷೆಗಳನ್ನು ತೋರಿಸುವ ಗಾರ್ಮಿನ್ ಜಿ1000 ಪರದೆಗಳು ಬಂದಿರುವಾಗ, ಆ ಪರದೆಯ ಒಂದು ಛಾಯಾಚಿತ್ರವನ್ನು ತೋರಿಸಿ ಮುಂದೆ ಸಾಗುವುದನ್ನು ಪರಿಷ್ಕರಣೆ ಎನ್ನಲಾಗದು. ಪರದೆ ಹೇಳುವ ದಿಕ್ಕಿಗೂ ದಿಕ್ಸೂಚಿಗೂ ತಾಳೆಯಾಗದಿದ್ದರೆ ಯಾವುದನ್ನು ಹೇಗೆ ಪರಿಶೀಲಿಸಬೇಕು ಎಂಬ ಪ್ರಶ್ನೆ ತರಗತಿಯಲ್ಲಿ ಬರಲೇ ಇಲ್ಲ.

ಅದಕ್ಕಿಂತ ದೊಡ್ಡ ಕೊರತೆ ನಿರ್ಧಾರ ಕೈಗೊಳ್ಳುವುದನ್ನು ಕಲಿಸದಿರುವುದು. ಹವಾಮಾನ ವರದಿಯಲ್ಲಿ ‘ಫ್ಯೂ 030 ಸಿಬಿ’ ಎಂದಿದ್ದರೆ 3,000 ಅಡಿಯಲ್ಲಿ ಅಲ್ಲಲ್ಲಿ ಗುಡುಗು ಮೋಡಗಳ ತಳವಿದೆ ಎಂದು ನಾವೆಲ್ಲರೂ ಬಿಡಿಸಿ ಹೇಳಬಲ್ಲೆವು. ಆದರೆ ಅಡ್ಡಮಳೆಯ ದಿನಗಳಲ್ಲಿ, ಬೆಳಗಾವಿಯ ಕಡೆ ಹೊರಟ ಅರ್ಧ ದಾರಿಯಲ್ಲಿ ಅಂಥ ಮೋಡ ಕಣ್ಣೆದುರು ಬೆಳೆಯುತ್ತಿದ್ದರೆ ಯಾವ ಹಂತದಲ್ಲಿ ಹಿಂದಿರುಗಬೇಕು ಎಂದು ನಾನು ಕೇಳಿದಾಗ, ಅದು ಪರೀಕ್ಷೆಗೆ ಬರುವುದಿಲ್ಲ ಎಂಬ ಉತ್ತರ ಸಿಕ್ಕಿತು. ಕಣ್ಣಳತೆಯಲ್ಲಿ ಹಾರುವ ಪೈಲಟ್ ಮೋಡದೊಳಗೆ ಹೊಕ್ಕು ದಿಕ್ಕು ತಪ್ಪುವುದು ಚಿಕ್ಕ ವಿಮಾನಗಳ ಮಾರಕ ಅಪಘಾತಗಳಿಗೆ ಎಷ್ಟೋ ಕಾಲದಿಂದ ಗೊತ್ತಿರುವ ಕಾರಣ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ 2016ರಲ್ಲಿ ಖಾಸಗಿ ಪೈಲಟ್ ಪರೀಕ್ಷೆಯ ಮಾನದಂಡವನ್ನು ಬದಲಿಸಿದಾಗ, ಪ್ರತಿಯೊಂದು ಕಾರ್ಯದಡಿಯಲ್ಲಿಯೂ ಜ್ಞಾನ ಮತ್ತು ಕೌಶಲದ ಜೊತೆಗೆ ಅಪಾಯ ನಿರ್ವಹಣೆಯನ್ನು ಸೇರಿಸಿತು. ನಮ್ಮ ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ನಡೆಸುವ ಪರೀಕ್ಷೆಯ ಶೇ 70ರ ಗೆರೆಯನ್ನು ದಾಟಿಸುವ ಪ್ರಶ್ನೆಕೋಶವನ್ನು ಬಿಡದೆಯೇ ಇದನ್ನು ಇಲ್ಲಿಯೂ ಕಲಿಸಬಹುದು.

ಪರೀಕ್ಷೆ ಪಾಸಾಗುವುದೇ ಗುರಿಯಾಗಿದ್ದವರು ಧಾರಾಳವಾಗಿ ಸೇರಬಹುದು. ಶಿಕ್ಷಕರು ಶ್ರದ್ಧೆಯುಳ್ಳವರು, ಅನುಮಾನ ಕೇಳಿದರೆ ಸಿಡುಕುವವರಲ್ಲ. ಕೊನೆಯ ದಿನ ನೀಡಿದ ಅಭಿಪ್ರಾಯ ಪತ್ರದಲ್ಲಿ ನಾನು, ಎನ್‌ಡಿಬಿಗೆ ಮೀಸಲಾದ ಮೂರು ವಾರಗಳಲ್ಲಿ ಎರಡನ್ನು ಆ ಏಪ್ರಿಲ್ ಮಧ್ಯಾಹ್ನದಂಥ ಪಾಠಗಳಿಗೆ ಕೊಡಬೇಕೆಂದು ಬರೆದಿದ್ದೇನೆ.