ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಕೆಲಸ ಕೊಡುತ್ತೇವೆಂದು ಫೋನ್ ಬಂದರೆ ಮೊದಲು ಇದನ್ನು ಓದಿ

"ಅಮೆರಿಕದ ಆಸ್ಪತ್ರೆಗಳ ಡಿಕ್ಟೇಷನ್ ಇದೆ, ವರ್ಷವಿಡೀ ಕೆಲಸ ಕೊಡುತ್ತೇವೆ" ಎಂದು ಬೆಂಗಳೂರಿನಿಂದ ಫೋನ್ ಮಾಡುವವರು ಈಗ ಉಡುಪಿ, ಕುಂದಾಪುರದ ಕಡೆಗೂ ತಿರುಗಿದ್ದಾರೆ. ಅದಕ್ಕಾಗಿಯೇ ಬರೆಯುತ್ತಿದ್ದೇನೆ. ಮಂಗಳೂರಿನ ಬಿಜೈಯಲ್ಲಿ ನನ್ನದೊಂದು ಸಣ್ಣ ಘಟಕ ಇದೆ. ರೋಗಿಗಳ ಬಗ್ಗೆ ವೈದ್ಯರು ಹೇಳಿ ರೆಕಾರ್ಡ್ ಮಾಡಿದ್ದನ್ನು (ಡಿಕ್ಟೇಷನ್) ಕೇಳಿ ಟೈಪ್ ಮಾಡುವುದು ನಮ್ಮ ಕೆಲಸ. ರಾತ್ರಿಯಿಡೀ ಹೆಡ್‌ಫೋನ್ ಹಾಕಿಕೊಂಡು ದುಡಿದ ಹುಡುಗಿಯರ ಸಂಬಳದ ಹಣವನ್ನು ಇವರು ನುಂಗಿದ್ದಾರೆ. ಹೌದು, ನುಂಗಿದ್ದಾರೆ. ಬೇರೆ ಮಾತು ನನಗೆ ಸಿಗುತ್ತಿಲ್ಲ.

ನಮಗೆ ಹಣ ಸಿಗುವುದು ಟೈಪ್ ಮಾಡಿದ ಲೈನ್‌ಗಳ ಲೆಕ್ಕದಲ್ಲಿ. ಈ ಕೆಲಸದಲ್ಲಿರುವವರಿಗೆ ಗೊತ್ತು, ಒಂದು ಲೈನ್ ಎಂದರೆ ಸ್ಪೇಸ್ ಸೇರಿ 65 ಅಕ್ಷರ. ಮೊದಲ ಬಿಲ್‌ಗಳನ್ನು ಅವರೂ ಹಾಗೆಯೇ ಪಾಸು ಮಾಡಿದರು, ಹಣವೂ ಬಂತು. ಆ ನಂಬಿಕೆಯ ಮೇಲೆ ಇನ್ನಷ್ಟು ಜನರನ್ನು ಸೇರಿಸಿಕೊಂಡೆ, ಹೊಸ ಇನ್ವರ್ಟರ್ ಹಾಕಿಸಿದೆ. ನಮ್ಮ ಮಳೆಗಾಲದಲ್ಲಿ ಅದಿಲ್ಲದೆ 24 ಗಂಟೆಯೊಳಗೆ ಫೈಲ್ ಮುಟ್ಟಿಸಲು ಆಗುವುದಿಲ್ಲ. ಆಮೇಲಿನ ಬಿಲ್‌ಗಳೆಲ್ಲ ಬಾಕಿ. ಕೇಳಿದಾಗಲೆಲ್ಲ ಒಂದೇ ಉತ್ತರ: "ಮೇಡಂ, ಅಮೆರಿಕದಿಂದ ದುಡ್ಡು ಬಂದ ಕೂಡಲೇ ಮೊದಲು ನಿಮಗೇ ಹಾಕುತ್ತೇವೆ."

ಕೊನೆಗೆ ಹಣದ ಬದಲು ಒಂದು ಎಕ್ಸೆಲ್ ಹಾಳೆ ಬಂತು. ನಮ್ಮ ಲೆಕ್ಕಕ್ಕಿಂತ ಸುಮಾರು ಆರರಲ್ಲೊಂದು ಪಾಲು ಲೈನ್ ಕಡಿಮೆ. ಒಂದೊಂದೇ ಫೈಲ್ ತಾಳೆ ನೋಡಿದಾಗ ತಿಳಿಯಿತು, ಸ್ಪೇಸ್‌ಗಳನ್ನೆಲ್ಲ ತೆಗೆದುಹಾಕಿ ಎಣಿಸಿದ್ದಾರೆ! ಕೇಳಿದರೆ, "ಸ್ಪೇಸ್ ಒತ್ತುವುದಕ್ಕೆ ಯಾರಾದರೂ ಹಣ ಕೊಡುತ್ತಾರೆಯೇ ಮೇಡಂ?" ಮೊದಲು ಕೊಟ್ಟವರು ಇವರೇ! ಅದು ಸಾಲದೆಂಬಂತೆ ಗುಣಮಟ್ಟದ ಕಡಿತ ಬೇರೆ. ವೈದ್ಯರ ಮಾತು ಕೇಳಿಸದಿದ್ದರೆ ಊಹಿಸಬೇಡಿ, ಬ್ಲಾಂಕ್ ಬಿಡಿ ಎಂದವರು ಅವರೇ. ಔಷಧದ ಪ್ರಮಾಣ ತಪ್ಪಾದರೆ ರೋಗಿಯ ಜೀವಕ್ಕೇ ಅಪಾಯ, ಹಾಗಾಗಿ ಅದು ಸರಿಯಾದ ನಿಯಮವೇ. ಆದರೆ ಬಿಟ್ಟ ಒಂದೊಂದು ಬ್ಲಾಂಕನ್ನೂ ತಪ್ಪೆಂದು ಎಣಿಸಿ, 98 ಶೇಕಡಾ ನಿಖರತೆ ಬಂದಿಲ್ಲವೆಂದು ಹಣ ಕಡಿದರು.

ಪುರಾವೆ ತೋರಿಸೋಣವೆಂದು ಲಾಗಿನ್ ಮಾಡಿದರೆ ಪಾಸ್‌ವರ್ಡ್ ನಡೆಯಲಿಲ್ಲ. ನನ್ನ ಕೈಕಾಲು ತಣ್ಣಗಾದದ್ದು ಆಗಲೇ. ಫೈಲ್‌ಗಳೆಲ್ಲ ಅವರ ಸರ್ವರ್‌ನಲ್ಲಿ. ರೋಗಿಗಳ ಮಾಹಿತಿಯ ಗೌಪ್ಯತೆ ಕಾಯುವ ಅಮೆರಿಕದ 1996ರ ಹಿಪಾ ಕಾನೂನಿನ ಹೆಸರು ಹೇಳಿ, ರೋಗಿಯ ದಾಖಲೆಯ ಪ್ರತಿ ಇಟ್ಟುಕೊಳ್ಳಬಾರದೆಂದು ಒಪ್ಪಂದದಲ್ಲೇ ಬರೆದಿದ್ದರು, ನಾವು ಇಟ್ಟುಕೊಳ್ಳಲಿಲ್ಲ. ನಿಯಮ ಪಾಲಿಸಿದ್ದಕ್ಕೇ ಕೈ ಬರಿದಾಯಿತು. ಮತ್ತೆ ಫೋನ್ ಮಾಡಿದಾಗ ಬಂದ ಮಾತು ಇದು: "ಮಂಗಳೂರಿನಲ್ಲಿ ಬೇಕಾದಷ್ಟು ಹುಡುಗಿಯರು ಸಿಗುತ್ತಾರೆ."

ಅಂದು ಸಂಜೆ ಒಬ್ಬಳು ಬಂದು, "ಅಕ್ಕ, ಈ ತಿಂಗಳಾದರೂ ಆಗುತ್ತದೆಯೇ?" ಎಂದು ಕೇಳಿದಳು. ಅವಳ ಮುಖ ನೋಡಲು ನನಗೆ ನಾಚಿಕೆಯಾಯಿತು. ಅದೇ ಹುಡುಗಿಗೆ ಈಗ ಅವರು ನೇರವಾಗಿ ಫೋನ್ ಮಾಡಿ, ಮನೆಯಲ್ಲೇ ಕೆಲಸ, ಸಾಫ್ಟ್‌ವೇರ್‌ಗೆ ಠೇವಣಿ ಕಟ್ಟಿ ಎನ್ನುತ್ತಿದ್ದಾರೆ.

ಈ ಕ್ಷೇತ್ರ ಕುಗ್ಗುತ್ತಿರುವುದು ನಿಜ. 2009ರ ಕಾನೂನಿನ ಬಳಿಕ ಅಮೆರಿಕದ ಆಸ್ಪತ್ರೆಗಳು ಎಲೆಕ್ಟ್ರಾನಿಕ್ ದಾಖಲೆಗೆ ತಿರುಗಿದವು. ಈಗ ಧ್ವನಿ ಗುರುತಿಸುವ ಸಾಫ್ಟ್‌ವೇರ್ ಕರಡು ಬರೆದುಕೊಡುತ್ತದೆ, ತಿದ್ದುವುದು ಮಾತ್ರ ನಮ್ಮ ಪಾಲು, ಅದರ ದರವೂ ಕಡಿಮೆ. ಮೇಲಿನವರಿಗೆ ಆದ ನಷ್ಟವನ್ನೆಲ್ಲ ಕೆಳಗಿನವರ ತಲೆಗೆ ಕಟ್ಟುತ್ತಾರೆ. 2003ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವಿಶ್ವವಿದ್ಯಾಲಯ ಆಸ್ಪತ್ರೆಯೊಂದರ ಕೆಲಸ ಕೈಯಿಂದ ಕೈಗೆ ದಾಟಿ ಕರಾಚಿ ತಲುಪಿತ್ತು. ಅಲ್ಲಿ ಟೈಪ್ ಮಾಡಿದವರು, ಬಾಕಿ ಕೊಡದಿದ್ದರೆ ರೋಗಿಗಳ ದಾಖಲೆಗಳನ್ನು ಅಂತರ್ಜಾಲಕ್ಕೆ ಹಾಕುತ್ತೇನೆಂದು ಬೆದರಿಸಿದ್ದರು. ನಾನು ಎಂದಿಗೂ ಹಾಗೆ ಮಾಡಲಾರೆ, ರೋಗಿಗಳು ಏನು ತಪ್ಪು ಮಾಡಿದ್ದಾರೆ? ಆದರೆ ಆ ಸಿಟ್ಟು ಎಲ್ಲಿಂದ ಬಂತೆಂದು ಈಗ ಅರ್ಥವಾಗುತ್ತದೆ.

ಲೈನ್ ಎಂದರೆ ಎಷ್ಟು ಅಕ್ಷರ, ಸ್ಪೇಸ್ ಸೇರಿಯೋ ಬಿಟ್ಟೋ, ಬ್ಲಾಂಕ್ ತಪ್ಪೋ ಅಲ್ಲವೋ, ಇಷ್ಟನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ. ರೋಗಿಯ ಹೆಸರಿಲ್ಲದೆ ಫೈಲ್ ಸಂಖ್ಯೆ ಮತ್ತು ಲೈನ್ ಲೆಕ್ಕವನ್ನು ದಿನವೂ ಅವರಿಗೆ ಇಮೇಲ್ ಮಾಡಿ. ಠೇವಣಿ ಕೇಳಿದರೆ ಫೋನ್ ಇಟ್ಟುಬಿಡಿ.

ಘಟಕ ಇರುವವರು ಕೆಲಸ ಒಪ್ಪಿಕೊಳ್ಳುವ ಮೊದಲೇ ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿ. 2006ರ ಎಂಎಸ್‌ಎಂಇ (ಸಣ್ಣ ಉದ್ದಿಮೆಗಳ) ಕಾಯ್ದೆಯಂತೆ ಇಲ್ಲಿನ ಕಂಪನಿ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು, ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. "ಅಮೆರಿಕದಿಂದ ಬಂದಿಲ್ಲ" ಎಂಬುದು ಆ ಗಡುವನ್ನು ಮುಂದೂಡುವುದಿಲ್ಲ. ನನ್ನ ನೋಂದಣಿ ಇದೆ, ದೂರು ಸಲ್ಲಿಸಿದ್ದೇನೆ. ಇದೇ ರೀತಿ ಹಣ ಸಿಕ್ಕಿಹಾಕಿಕೊಂಡಿರುವ ಘಟಕಗಳು ನಮ್ಮ ಜಿಲ್ಲೆಗಳಲ್ಲಿ ಇನ್ನೂ ಇದ್ದರೆ ದಯವಿಟ್ಟು ಸುಮ್ಮನಿರಬೇಡಿ, ಬಿಲ್ ಮತ್ತು ಇಮೇಲ್‌ಗಳ ಪ್ರತಿ ತೆಗೆದಿಟ್ಟು ನೀವೂ ದೂರು ಕೊಡಿ.